ಅಡುಗೆಮನೆಯಲ್ಲಿ ಸಿಗ್ನಲ್ ಇಲ್ಲ ಅಂದರೆ ಫೋನ್ ಬದಲಿಸಬೇಕೇ?

ಗಿರಿನಗರದಿಂದ ಅಕ್ಕ ಫೋನ್ ಮಾಡಿದ್ದಳು. ಮಾತು ಎರಡು ಸಲ ಕಡಿದುಹೋಯಿತು. ಮೂರನೇ ಸಲ ಟೆರೇಸಿಗೆ ಹತ್ತಿ ನಿಂತು ಮಾತಾಡಿದಳು. "ಈ ಫೋನ್ ಹಳೇದಾಯ್ತು ಕಣೋ, ಸಿಗ್ನಲ್ಲೇ ಹಿಡಿಯಲ್ಲ. ಭಾನುವಾರ ಬಾ, ಹೋಗಿ ಹೊಸದು ತಗೊಂಡು ಬರೋಣ. ಇಪ್ಪತ್ತೆರಡು ಸಾವಿರದ್ದು ಒಂದು ನೋಡಿಟ್ಟಿದೀನಿ, 5ಜಿ ಅಂತೆ."

ಭಾನುವಾರ ಹೋದೆ. ಅಂಗಡಿಗೆ ಹೊರಡೋ ಮುಂಚೆ ಅರ್ಧ ಗಂಟೆ ಕೊಡು ಅಂತ ಕೇಳಿಕೊಂಡೆ. ಅವಳದು ಥರ್ಟಿ ಫಾರ್ಟಿ ಸೈಟಿನ ಮನೆ, ಇರೋದು ಕೆಳಮಹಡಿಯಲ್ಲಿ. ಪಕ್ಕದ ಸೈಟ್ ಬಹಳ ವರ್ಷ ಖಾಲಿ ಇತ್ತು, ಒಂದು ಹೊಂಗೆ ಮರ ಇತ್ತು. ಈಗ ಅಲ್ಲಿ ನಾಲ್ಕು ಮಹಡಿ ಎದ್ದಿದೆ. ಅಡುಗೆಮನೆ ಕಿಟಕಿಯಿಂದ ಕೈ ಚಾಚಿದರೆ ಆಚೆಯ ಗೋಡೆ ಮುಟ್ಟಬಹುದು. ಫೋನ್ ತಗೊಂಡು ನಾಲ್ಕು ವರ್ಷವಾಯಿತು, ಸಿಗ್ನಲ್ ತೊಂದರೆ ಶುರುವಾಗಿದ್ದು ಮಾತ್ರ ಒಂದು ವರ್ಷದಿಂದ. ಪಕ್ಕದ ಕಟ್ಟಡಕ್ಕೂ ಸರಿಯಾಗಿ ಒಂದು ವರ್ಷ.

ಅವಳ ಸಿಮ್ ನನ್ನ ಫೋನಿಗೂ ನನ್ನ ಸಿಮ್ ಅವಳ ಫೋನಿಗೂ ಹಾಕಿದೆ. ನಮ್ಮಿಬ್ಬರದು ಬೇರೆ ಬೇರೆ ಕಂಪನಿ. ಮಿಕ್ಸಿ ಪಕ್ಕ ನಿಂತು, ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರಿನ ಹಿಂಬದಿಯಲ್ಲಿ ಸಿಗ್ನಲ್ ಎಷ್ಟು ಬಲವಾಗಿದೆ ಅಂತ ಫೋನ್ ತೋರಿಸಿದ ನಾಲ್ಕು ಸಂಖ್ಯೆ ಬರೆದುಕೊಂಡೆ. ಅವಳ ಸಿಮ್ ಅವಳದೇ ಫೋನಿನಲ್ಲಿ ಮೈನಸ್ 118. ಅದೇ ಸಿಮ್ ನನ್ನ ಫೋನಿನಲ್ಲಿ ಮೈನಸ್ 116. ನನ್ನ ಸಿಮ್ ಅವಳ ಫೋನಿನಲ್ಲಿ ಮೈನಸ್ 101, ನನ್ನದರಲ್ಲಿ ಮೈನಸ್ 99. ನನ್ನ ಫೋನಿನ ಬೆಲೆ ಅವಳದರ ಮೂರರಷ್ಟು. ಆ ಬೆಲೆ ತಂದುಕೊಟ್ಟ ವ್ಯತ್ಯಾಸ ಎರಡೇ ಎರಡು. ಸಿಮ್ ಬದಲಿಸಿದ್ದಕ್ಕೆ ಬಂದ ವ್ಯತ್ಯಾಸ ಹದಿನೇಳು.

ಈ ಸಂಖ್ಯೆಗಳು ಡಿಬಿಎಂ ಎಂಬ ಅಳತೆಯವು. ಮೈನಸ್ ಮುಂದಿನ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ಬಡವಾಗುತ್ತದೆ. 4ಜಿಯಲ್ಲಿ ಮೈನಸ್ 85ರ ಆಸುಪಾಸು ಇದ್ದರೆ ಒಳ್ಳೆಯದು, ಮೈನಸ್ 110 ದಾಟಿದರೆ ಒದ್ದಾಟ, 120ರ ಹತ್ತಿರ ಹೋದರೆ ಕಾಲ್ ನಿಲ್ಲುವುದು ಕಷ್ಟ. ಹತ್ತು ಡಿಬಿಎಂ ಅಂತರವೆಂದರೆ ಶಕ್ತಿಯಲ್ಲಿ ಹತ್ತು ಪಟ್ಟು. ಹದಿನೇಳೆಂದರೆ ಸುಮಾರು ಐವತ್ತು ಪಟ್ಟು. ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸ್‌ನ ಅಬೌಟ್ ಫೋನ್ ಒಳಗೆ ಸಿಮ್ ಸ್ಟೇಟಸ್ ಎಂಬಲ್ಲಿ ಇದು ಸಾಮಾನ್ಯವಾಗಿ ಸಿಗುತ್ತದೆ. ಐಫೋನಿನಲ್ಲಿ *3001#12345#* ಎಂದು ಒತ್ತಿ ಡಯಲ್ ಮಾಡಿದರೆ ಒಂದು ಪರೀಕ್ಷಾ ಪುಟ ತೆರೆದುಕೊಳ್ಳುತ್ತದೆ. ಪರದೆಯ ಮೇಲಿನ ಕಡ್ಡಿಗಳನ್ನು ನಂಬಿ ಎರಡು ಫೋನುಗಳನ್ನು ಹೋಲಿಸಬೇಡಿ. ಎಷ್ಟು ಡಿಬಿಎಂಗೆ ಎಷ್ಟು ಕಡ್ಡಿ ಅನ್ನುವುದನ್ನು ಪ್ರತಿ ಫೋನ್ ಕಂಪನಿ ತನಗೆ ಬೇಕಾದಂತೆ ಇಟ್ಟುಕೊಂಡಿರುತ್ತದೆ.

ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ಬೆಂಗಳೂರಿನಲ್ಲಿ "ನೆಟ್‌ವರ್ಕ್ ಬರಲ್ಲ" ಅಂತ ಫೋನ್ ಬದಲಿಸುವವರಲ್ಲಿ ಅನೇಕರು ತಪ್ಪು ವಸ್ತುವಿಗೆ ದುಡ್ಡು ಸುರಿಯುತ್ತಿದ್ದಾರೆ ಅನ್ನುವುದು ನನ್ನ ಅನಿಸಿಕೆ. ಇನ್ನು ನಿಜವಾಗಿಯೂ ಫೋನ್ ಬದಲಿಸಬೇಕಾದವರು ಅಂಗಡಿಯಲ್ಲಿ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಕೇಳುತ್ತಾರೆಯೇ ಹೊರತು, ಈ ಫೋನ್ ನನ್ನ ಸಿಮ್ಮಿನ ಜೊತೆ ಹೇಗೆ ಕೂಡಿಬರುತ್ತದೆ ಅಂತ ಕೇಳುವುದಿಲ್ಲ.

ಮೊಳದ ಅಲೆ, ನಾಲ್ಕು ಬೆರಳಿನ ಅಲೆ

ಎಲ್ಲ ಮೊಬೈಲ್ ಕಂಪನಿಗಳೂ ಒಂದೇ ತರಂಗದಲ್ಲಿ ಕೆಲಸ ಮಾಡುವುದಿಲ್ಲ. ಸರ್ಕಾರದಿಂದ ಹರಾಜಿನಲ್ಲಿ ಕೊಂಡ ತರಂಗಗುಚ್ಛಗಳನ್ನು, ಅಂದರೆ ಬ್ಯಾಂಡ್‌ಗಳನ್ನು, ಒಂದೊಂದು ಕಂಪನಿ ಒಂದೊಂದು ಥರ ಜೋಡಿಸಿಕೊಂಡಿದೆ. ಅಲೆ ಎಷ್ಟು ಬೇಗ ಕಂಪಿಸುತ್ತದೆ ಎಂಬುದರ ಅಳತೆ ಮೆಗಾಹರ್ಟ್ಸ್, ಅಂಕಿ ಹೆಚ್ಚಿದಷ್ಟೂ ಅಲೆ ಗಿಡ್ಡ. 4ಜಿಯಲ್ಲಿ ಜಿಯೋ ಬಳಸುವುದು 850, 1800 ಮತ್ತು 2300 ಮೆಗಾಹರ್ಟ್ಸ್. ಏರ್‌ಟೆಲ್ ಮುಖ್ಯವಾಗಿ 900, 1800, 2100 ಮತ್ತು 2300 ಬಳಸುತ್ತದೆ. ವಿ, ಅಂದರೆ ವೊಡಾಫೋನ್ ಐಡಿಯಾ ಕಂಪನಿಯ ಬಳಿ 900, 1800, 2100ರ ಜೊತೆಗೆ 2500 ಇದೆ. ಬಿಎಸ್‌ಎನ್‌ಎಲ್‌ನ 4ಜಿ ನಿಂತಿರುವುದು ಬಹುಪಾಲು 700 ಮತ್ತು 2100ರ ಮೇಲೆ. 5ಜಿ ಬಂದಾಗ 3300 ಮೆಗಾಹರ್ಟ್ಸ್‌ನ ಬ್ಯಾಂಡ್ ಸೇರಿತು. ಫೋನಿನ ವಿವರದಲ್ಲಿ ಇದು ಎನ್78 ಎಂದು ಬರೆದಿರುತ್ತದೆ.

ಈ ಅಂಕಿಗಳು ಮನೆಯೊಳಗೆ ಏನು ಮಾಡುತ್ತವೆ ಎನ್ನುವುದು ಮುಖ್ಯ. 700 ಮೆಗಾಹರ್ಟ್ಸ್‌ನ ಅಲೆಯ ಉದ್ದ ಹತ್ತಿರ ಹತ್ತಿರ ಒಂದು ಮೊಳ. 3500ರ ಅಲೆ ನಾಲ್ಕು ಬೆರಳಿನ ಅಗಲಕ್ಕಿಂತ ತುಸು ಹೆಚ್ಚು, ಅಷ್ಟೆ. ಉದ್ದ ಅಲೆ ದೂರ ಹೋಗುತ್ತದೆ, ಗೋಡೆ ತೂರುತ್ತದೆ, ಕಟ್ಟಡದ ಮೂಲೆ ಬಳಸಿ ಬರುತ್ತದೆ. ಆದರೆ ಅದರಲ್ಲಿ ಸಿಗುವ ಜಾಗ ಕಿರಿದು, ತುಂಬಾ ಡೇಟಾ ಹೊರಲಾರದು. ಗಿಡ್ಡ ಅಲೆ ಬೇಕಾದಷ್ಟು ಡೇಟಾ ಹೊರುತ್ತದೆ, ಎರಡು ಕಾಂಕ್ರೀಟ್ ಗೋಡೆ ಎದುರಾದರೆ ಮಾತ್ರ ಸೋತುಬಿಡುತ್ತದೆ. ಹೊರಗೆ ಗೇಟಿನ ಬಳಿ 5ಜಿ ಅಂತ ತೋರಿಸುವ ಫೋನ್ ಒಳಗೆ ಕಾಲಿಟ್ಟ ತಕ್ಷಣ 4ಜಿಗೆ ಇಳಿಯುವುದು ಇದಕ್ಕೇ. ಇದು ಫೋನಿನ ದೋಷವಲ್ಲ.

ನಮ್ಮ ಊರಿನ ಮನೆಗಳು ಈ ಕಥೆಗೆ ಇನ್ನಷ್ಟು ಸೇರಿಸುತ್ತವೆ. ಸೈಟಿನ ಅಂಚಿನವರೆಗೆ ಕಟ್ಟಿದ ಮನೆಗಳ ನಡುವೆ ಎರಡು ಅಡಿ ಸಂದು. ಕೆಳಮಹಡಿಯ ಒಳಕೋಣೆಗೆ ಬೆಳಕೇ ಬರುವುದಿಲ್ಲ, ಇನ್ನು ಗಿಡ್ಡ ಅಲೆ ಎಲ್ಲಿಂದ ಬರಬೇಕು. ಹೊರವರ್ತುಲ ರಸ್ತೆಯ ಟೆಕ್ ಪಾರ್ಕುಗಳಲ್ಲಿ ತೊಂದರೆ ಬೇರೆ. ಬಿಸಿಲು ತಡೆಯಲೆಂದು ಹಾಕುವ ಗಾಜಿಗೆ ತೆಳುವಾದ ಲೋಹದ ಲೇಪ ಇರುತ್ತದೆ, ಅದು ಬಿಸಿಲಿನ ಜೊತೆ ರೇಡಿಯೋ ಅಲೆಯನ್ನೂ ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ಅಂಥ ಕಟ್ಟಡದೊಳಗೆ ಪ್ರತ್ಯೇಕ ಆಂಟೆನಾ ಜಾಲ ಹಾಕಿಸಬೇಕು. ಯಾವ ಕಂಪನಿಯ ಸಿಗ್ನಲ್ಲನ್ನು ಆ ಜಾಲಕ್ಕೆ ಜೋಡಿಸಿದ್ದಾರೋ ಆ ಸಿಮ್ ಓಡುತ್ತದೆ, ಉಳಿದವು ಮಲಗುತ್ತವೆ. ಮೆಟ್ರೊ ಸುರಂಗದೊಳಗೂ ಇದೇ ಲೆಕ್ಕ. ಕಬ್ಬನ್ ಪಾರ್ಕ್‌ನಿಂದ ಮೆಜೆಸ್ಟಿಕ್‌ಗೆ ನೆಲದಡಿಯಲ್ಲಿ ಹೋಗುವಾಗ ಲಕ್ಷ ರೂಪಾಯಿ ಫೋನಿಗೂ ಹತ್ತು ಸಾವಿರದ ಫೋನಿಗೂ ಒಂದೇ ಗತಿ, ಅಲ್ಲಿ ಒಳಗೆ ಯಾರ ಉಪಕರಣ ಇದೆಯೋ ಅವರದೇ ಸಿಗ್ನಲ್. ಹೊಸ ಆಫೀಸಿಗೆ ಸೇರಿದ ದಿನ ಪಕ್ಕದ ಸೀಟಿನವರನ್ನು ಕೇಳಬೇಕಾದ ಮೊದಲ ಪ್ರಶ್ನೆ, ಇಲ್ಲಿ ಯಾವ ಸಿಮ್ ನಡೆಯುತ್ತೆ ಅನ್ನುವುದು.

ಫೋನಿನ ತಪ್ಪು ಇರುವುದೇ ಇಲ್ಲವೆಂದಲ್ಲ. ಡಿಸ್‌ಪ್ಲೇ ಒಡೆದು ಬದಲಿಸಿದ ಮೇಲೆ ಸಿಗ್ನಲ್ ಬಿದ್ದಿದ್ದರೆ ಒಳಗಿನ ಆಂಟೆನಾ ವೈರನ್ನು ಸರಿಯಾಗಿ ಕೂರಿಸಿಲ್ಲ ಅಂತ ಅನುಮಾನ ಪಡಬಹುದು. ನೂಲಿನಷ್ಟು ತೆಳ್ಳಗಿನ ವೈರ್ ಅದು. ಎಸ್‌ಪಿ ರೋಡಿನಲ್ಲಿ ಕೈ ಪಳಗಿದ ರಿಪೇರಿಯವರು ಬಿಚ್ಚಿ ಮತ್ತೆ ಕೂರಿಸಿಕೊಡುತ್ತಾರೆ. ಲೋಹದ ಬ್ಯಾಕ್ ಕವರ್, ಕಾರಿಗೆಂದು ಅಂಟಿಸಿದ ಮ್ಯಾಗ್ನೆಟ್ ಪಟ್ಟಿ ಇವೂ ಸಿಗ್ನಲ್ ತಿನ್ನುತ್ತವೆ, ಪರೀಕ್ಷೆ ಮಾಡುವಾಗ ಕಳಚಿಡಿ. ಆದರೆ ಸಿಗ್ನಲ್ ಬೂಸ್ಟರ್ ಅಂತ ಮಾರುವ ಡಬ್ಬಿಯ ತಂಟೆಗೆ ಮಾತ್ರ ಹೋಗಬೇಡಿ. ಪರವಾನಗಿ ಇಲ್ಲದೆ ಅದನ್ನು ಹಾಕುವುದು ಕಾನೂನಿಗೆ ವಿರುದ್ಧ, ಜೊತೆಗೆ ಸುತ್ತಲಿನ ಮನೆಗಳ ನೆಟ್‌ವರ್ಕನ್ನೂ ಕೆಡಿಸುತ್ತದೆ.

ಎರಡು ಬಗೆಯ 5ಜಿ

5ಜಿ ಫೋನ್ ಅಂದ ಮಾತ್ರಕ್ಕೆ ನಿಮ್ಮ ಸಿಮ್ಮಿನ 5ಜಿ ಬಂದೇ ಬರುತ್ತದೆ ಅಂತಿಲ್ಲ. ಅಂಗಡಿಯಲ್ಲಿ ಇದನ್ನು ಬಿಡಿಸಿ ಹೇಳುವವರನ್ನು ನಾನಂತೂ ಕಂಡಿಲ್ಲ, ಅದಕ್ಕೇ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ.

2022ರ ಜುಲೈ ಕೊನೆಯಲ್ಲಿ ತರಂಗಗುಚ್ಛದ ಹರಾಜು ನಡೆಯಿತು. ಏಳು ದಿನ ನಡೆದ ಕೂಗಿನಲ್ಲಿ ಸರ್ಕಾರಕ್ಕೆ ಬಂದ ಒಟ್ಟು ಬಿಡ್ 1,50,173 ಕೋಟಿ ರೂಪಾಯಿ. ಅಕ್ಟೋಬರ್ 1ರಂದು ದೆಹಲಿಯಲ್ಲಿ 5ಜಿಗೆ ಚಾಲನೆ ಸಿಕ್ಕಿತು. ಅಂದೇ ಏರ್‌ಟೆಲ್ ಸೇವೆ ಶುರುಮಾಡಿದ ಎಂಟು ಊರುಗಳಲ್ಲಿ ಬೆಂಗಳೂರೂ ಒಂದು. ನವೆಂಬರ್‌ನಲ್ಲಿ ಜಿಯೋ ಇಲ್ಲಿಗೆ ಬಂತು. ವಿ ಬಂದಿದ್ದು 2025ರಲ್ಲಿ.

ಇಬ್ಬರು ಮೊದಲಿಗರೂ ಹಿಡಿದ ದಾರಿ ಬೇರೆ ಬೇರೆ. ಏರ್‌ಟೆಲ್ ತನ್ನ 4ಜಿ ಜಾಲವನ್ನೇ ಅಡಿಪಾಯ ಮಾಡಿಕೊಂಡು ಅದರ ಮೇಲೆ 5ಜಿ ಕಟ್ಟಿತು. ಇದನ್ನು ಎನ್‌ಎಸ್‌ಎ ಅನ್ನುತ್ತಾರೆ. ಫೋನ್ ಒಂದು ಕೈಯಲ್ಲಿ 4ಜಿಯನ್ನು ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ 5ಜಿ ಡೇಟಾ ಎಳೆಯುತ್ತದೆ. ಜಿಯೋ 4ಜಿಯನ್ನು ಆಶ್ರಯಿಸದೆ ಹೊಸದಾಗಿಯೇ ಕಟ್ಟಿತು, ಅದಕ್ಕೆ ಎಸ್‌ಎ ಎಂದು ಹೆಸರು. ಆ ಹರಾಜಿನಲ್ಲಿ 700 ಮೆಗಾಹರ್ಟ್ಸ್ ಕೊಂಡ ಖಾಸಗಿ ಕಂಪನಿ ಜಿಯೋ ಒಂದೇ. ಗೋಡೆ ತೂರುವ ಅಲೆ ಕೈಯಲ್ಲಿದ್ದುದರಿಂದ 4ಜಿಯ ಊರುಗೋಲು ಇಲ್ಲದೆ ನಿಲ್ಲುವುದು ಅದಕ್ಕೆ ಸಾಧ್ಯವಾಯಿತು. 5ಜಿ ಫೋನಿನ ವಿವರದಲ್ಲಿ ಈ ಬ್ಯಾಂಡ್ ಎನ್28 ಎಂದು ಕಾಣುತ್ತದೆ.

ಗ್ರಾಹಕರಿಗೆ ಇದರಿಂದ ಏನಾಗುತ್ತದೆ? 2024ರ ನವೆಂಬರ್‌ನಲ್ಲಿ ರೆಡ್ಮಿ ಎ4 5ಜಿ ಎಂಬ ಫೋನ್ 8,499 ರೂಪಾಯಿಗೆ ಬಿಡುಗಡೆಯಾಯಿತು. ಅಷ್ಟು ಕಡಿಮೆ ಬೆಲೆಗೆ 5ಜಿ ಅಂತ ದೊಡ್ಡ ಸುದ್ದಿ. ಆದರೆ ಅದರೊಳಗಿನ ಚಿಪ್ ಎಸ್‌ಎ ಮಾತ್ರ ಬಲ್ಲದು, ಎನ್‌ಎಸ್‌ಎ ಬಾರದು. ಹಾಗಾಗಿ ಜಿಯೋ ಸಿಮ್ ಹಾಕಿದರೆ 5ಜಿ ಬರುತ್ತದೆ, ಏರ್‌ಟೆಲ್‌ನ ಎನ್‌ಎಸ್‌ಎ ಜಾಲದಲ್ಲಿ ಅದೇ ಫೋನ್ 4ಜಿಯಲ್ಲೇ ನಿಲ್ಲುತ್ತದೆ. ಕಂಪನಿ ಇದನ್ನು ವಿವರಗಳಲ್ಲಿ ಮುಚ್ಚಿಟ್ಟಿರಲಿಲ್ಲ. ಆದರೆ ಸಂಬಳ ಉಳಿಸಿ ಮಗಳಿಗೆ ಮೊದಲ ಫೋನ್ ಕೊಡಿಸಲು ಬಂದವರು ಎಸ್‌ಎ, ಎನ್‌ಎಸ್‌ಎ ಅಂತ ಸಣ್ಣಕ್ಷರ ಹುಡುಕಿ ಓದುತ್ತಾರೆಯೇ? ಡಬ್ಬಿಯ ಮೇಲೆ 5ಜಿ ಎಂದು ದಪ್ಪಕ್ಷರದಲ್ಲಿ ಬರೆಯುವವರು ಯಾವ ಯಾವ ಸಿಮ್ಮಿಗೆ ಎಂಬುದನ್ನೂ ಅಷ್ಟೇ ದಪ್ಪಕ್ಷರದಲ್ಲಿ ಬರೆಯಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ.

ಇದರ ತದ್ವಿರುದ್ಧದ ತೊಂದರೆ ಹಳೆಯ ಫೋನುಗಳದು. ಭಾರತದಲ್ಲಿ 5ಜಿ ಫೋನ್ ಮಾರಾಟ ಶುರುವಾಗಿದ್ದು 2020ರ ಫೆಬ್ರವರಿಯಲ್ಲಿ, ಜಾಲ ಬಂದಿದ್ದು 2022ರ ಅಕ್ಟೋಬರ್‌ನಲ್ಲಿ. ಎರಡೂವರೆ ವರ್ಷ ಜನ ಇಲ್ಲದ ಜಾಲಕ್ಕೆ ಮುಂಗಡ ಕಟ್ಟಿದಂತಾಯಿತು. ಜಾಲ ಬಂದ ಮೇಲೂ ಕಾಯಬೇಕಾಯಿತು, ಏಕೆಂದರೆ ಯಂತ್ರದಲ್ಲಿ ಎಲ್ಲ ಇದ್ದರೂ ಸಾಫ್ಟ್‌ವೇರಿನಲ್ಲಿ ಬಾಗಿಲು ತೆರೆಯದೆ 5ಜಿ ಬರುವುದಿಲ್ಲ. ಐಫೋನಿನವರಿಗೆ ಆ ಬಾಗಿಲು ತೆರೆದಿದ್ದು 2022ರ ಡಿಸೆಂಬರ್‌ನಲ್ಲಿ, ಐಒಎಸ್ 16.2ರ ಮೂಲಕ. ಫೋನ್ ಕೊಳ್ಳುವಾಗ ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತೀರಿ ಎಂದು ಕೇಳುವುದರಲ್ಲಿ ನೆಟ್‌ವರ್ಕಿನ ಪ್ರಶ್ನೆಯೂ ಅಡಗಿದೆ.

ಇನ್ನೊಂದು ಲೆಕ್ಕ ರೀಚಾರ್ಜಿನದು. 2024ರ ಜುಲೈನಲ್ಲಿ ದರ ಏರಿಸಿದಾಗ ಜಿಯೋ ಮತ್ತು ಏರ್‌ಟೆಲ್ ಎರಡೂ ಅನಿಯಮಿತ 5ಜಿಯನ್ನು ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ಹೆಚ್ಚಿನ ಪ್ಲಾನ್‌ಗಳಿಗೆ ಸೀಮಿತಗೊಳಿಸಿದವು. ಫೋನಿಗೆ ಇಪ್ಪತ್ತು ಸಾವಿರ ಕೊಟ್ಟು, ಕಡಿಮೆ ಬೆಲೆಯ ಪ್ಲಾನ್‌ನಲ್ಲೇ ಮುಂದುವರಿದರೆ ಆ ಲಾಭ ಕೈಗೆ ಬರುವುದಿಲ್ಲ.

ಹಾಗಾದರೆ 5ಜಿ ಬೇಕೇ ಬೇಡವೇ? ವೇಗದ ಮಾತು ನನಗೆ ಅಷ್ಟು ಮುಖ್ಯವಾಗಿ ಕಾಣುವುದಿಲ್ಲ. ಫೋನಿನ ಪರದೆಯಲ್ಲಿ ಒಳ್ಳೆಯ ಗುಣಮಟ್ಟದ ವಿಡಿಯೋ ನೋಡಲು ಸೆಕೆಂಡಿಗೆ ಐದಾರು ಮೆಗಾಬಿಟ್ ಸಾಕು, 4ಜಿ ಅಷ್ಟನ್ನು ಆರಾಮಾಗಿ ಕೊಡುತ್ತದೆ. 5ಜಿ ಬೇಕಾಗುವುದು ಜನಜಂಗುಳಿಗೆ. ಬಸವನಗುಡಿಯಲ್ಲಿ ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಗೆ ಹೋದವರಿಗೆ ಇದು ಗೊತ್ತು. ದೊಡ್ಡ ಗಣಪತಿ ಗುಡಿಯ ಮುಂದೆ ನಿಂತು ಸೇರು ಕಡಲೆಕಾಯಿಗೆ ಕ್ಯೂಆರ್ ಸ್ಕ್ಯಾನ್ ಮಾಡುತ್ತೀರಿ. ಪರದೆಯ ಮೇಲೆ ಕಡ್ಡಿಗಳೆಲ್ಲ ತುಂಬಿವೆ, ಚಕ್ರ ಮಾತ್ರ ಸುತ್ತುತ್ತಲೇ ಇದೆ. ಮಾರುವ ಹೆಂಗಸು ಪೊಟ್ಟಣ ಕೈಯಲ್ಲಿ ಹಿಡಿದು ನಿಮ್ಮ ಮುಖ ನೋಡುತ್ತಿದ್ದಾಳೆ, ಹಿಂದೆ ಹತ್ತು ಜನ ನೂಕುತ್ತಿದ್ದಾರೆ. ಅಲ್ಲಿ ಸಿಗ್ನಲ್‌ಗೆ ಕೊರತೆ ಇಲ್ಲ, ದಾರಿಯಲ್ಲಿ ಜಾಗ ಇಲ್ಲ. 4ಜಿಯ ಒಂದು ದಾರಿ ಹೆಚ್ಚೆಂದರೆ 20 ಮೆಗಾಹರ್ಟ್ಸ್ ಅಗಲ. 5ಜಿಗೆಂದು ಜಿಯೋ ಮತ್ತು ಏರ್‌ಟೆಲ್ ಕೊಂಡಿರುವ 3300ರ ಬ್ಯಾಂಡಿನಲ್ಲಿ ತಲಾ ಕನಿಷ್ಠ 100 ಮೆಗಾಹರ್ಟ್ಸ್ ಇದೆ. ದಾರಿಯೂ ಅಗಲ, ಅದರಲ್ಲಿ ಓಡಾಡುವವರೂ ಸದ್ಯಕ್ಕೆ ಕಡಿಮೆ. ಸಿಲ್ಕ್ ಬೋರ್ಡ್ ಸಂಜೆಯಾಗಲಿ, ಚಿನ್ನಸ್ವಾಮಿ ಮೈದಾನದ ಪಂದ್ಯವಾಗಲಿ, ದಿನವಿಡೀ ಜನರ ನಡುವೆ ಇದ್ದು ಫೋನಿನಿಂದಲೇ ವ್ಯವಹಾರ ನಡೆಸುವವರಿಗೆ, ಡೆಲಿವರಿ ಹುಡುಗರಿಗೆ, ಬೀದಿಬದಿ ವ್ಯಾಪಾರಿಗಳಿಗೆ 5ಜಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಮನೆಯಲ್ಲಿ ವೈಫೈ, ಆಫೀಸಿನಲ್ಲಿ ವೈಫೈ ಇರುವವರು ಇದೊಂದೇ ಕಾರಣಕ್ಕೆ ಚೆನ್ನಾಗಿರುವ 4ಜಿ ಫೋನ್ ಎಸೆಯಬೇಕಿಲ್ಲ. ಆದರೆ ಹೇಗೂ ಹೊಸದು ಕೊಳ್ಳುತ್ತಿದ್ದೀರಾದರೆ, ಇನ್ನು ಮೂರು ನಾಲ್ಕು ವರ್ಷ ಬಳಸುವ ಆಸೆಯಿದ್ದರೆ, 4ಜಿ ಮಾತ್ರದ ಫೋನಿಗೆ ಈಗ ದುಡ್ಡು ಹಾಕಬೇಡಿ.

ಅದಕ್ಕೊಂದು ಹಳೆಯ ಪಾಠವಿದೆ. 3ಜಿಗೆ ಮೀಸಲಿದ್ದ ತರಂಗವನ್ನು ಕಂಪನಿಗಳು ಒಂದೊಂದಾಗಿ 4ಜಿಗೆ ತಿರುಗಿಸಿಕೊಂಡವು. ಏರ್‌ಟೆಲ್ 2020ರ ಹೊತ್ತಿಗೆ ದೇಶದಲ್ಲಿ 3ಜಿ ನಿಲ್ಲಿಸಿತು. 3ಜಿ ಫೋನ್ ಇಟ್ಟುಕೊಂಡಿದ್ದವರು ಒಂದು ಬೆಳಗ್ಗೆ 2ಜಿ ಕಾಲಕ್ಕೆ ಮರಳಿದರು. ನಾಳೆ 1800, 2100ರ ಬ್ಯಾಂಡುಗಳು ಸ್ವಲ್ಪ ಸ್ವಲ್ಪವಾಗಿ 5ಜಿಯ ಕಡೆಗೆ ಸರಿಯುವುದು ಸಹಜ. ಆದ್ದರಿಂದ ಹೊಸ ಫೋನಿನ ವಿವರದಲ್ಲಿ ಎನ್78 ಮತ್ತು ಎನ್28 ಇದ್ದರೆ ಇವತ್ತಿಗೆ ಸಾಕು, ಈಗಿನ 4ಜಿ ಬ್ಯಾಂಡುಗಳ 5ಜಿ ಹೆಸರುಗಳಾದ ಎನ್1, ಎನ್3, ಎನ್5, ಎನ್8, ಎನ್40 ಕೂಡ ಇದ್ದರೆ ನಾಳೆಗೂ ಬರುತ್ತದೆ. 26 ಗಿಗಾಹರ್ಟ್ಸ್ ಎಂಬ ಇನ್ನೊಂದು 5ಜಿ ಬ್ಯಾಂಡ್ ಇಲ್ಲವೆಂದು ಕೊರಗಬೇಡಿ, ನಮ್ಮಲ್ಲಿ ಕೈಯಲ್ಲಿ ಹಿಡಿಯುವ ಫೋನಿಗೆ ಅದರ ಅಗತ್ಯ ಸದ್ಯಕ್ಕಿಲ್ಲ.

ಮಾತಾಡಲಿಕ್ಕೂ ಬೇಕಲ್ಲ

ಡೇಟಾದ ಗಲಾಟೆಯಲ್ಲಿ ಫೋನಿನ ಮೂಲ ಕೆಲಸ ಮರೆತುಹೋಗುತ್ತದೆ. 2016ರ ಸೆಪ್ಟೆಂಬರ್ 5ರಂದು ಜಿಯೋ ಶುರುವಾದಾಗ ಅದರ ಬಳಿ 2ಜಿಯೂ ಇರಲಿಲ್ಲ, 3ಜಿಯೂ ಇರಲಿಲ್ಲ. ಕಾಲ್ ಕೂಡ 4ಜಿಯ ಮೇಲೇ ಹೋಗಬೇಕು, ಅದೇ ವೋಲ್ಟೆ. ಬೇರೆ ಕಂಪನಿಗಳಲ್ಲಿ ವೋಲ್ಟೆ ಇಲ್ಲದ ಫೋನ್ ಕಾಲ್ ಬಂದಾಗ 2ಜಿಗೆ ಇಳಿಯುತ್ತದೆ, ಇಳಿದ ತಕ್ಷಣ ಇಂಟರ್ನೆಟ್ ನಿಲ್ಲುತ್ತದೆ. ಆಟೋ ಚಾಲಕರೊಬ್ಬರು ಇದನ್ನು ನನಗೆ ಅವರದೇ ಮಾತಿನಲ್ಲಿ ಹೇಳಿದ್ದರು: "ಪ್ಯಾಸೆಂಜರ್ ಎಲ್ಲಿದೀರ ಅಂತ ಕಾಲ್ ಮಾಡ್ತಾರೆ ಸಾರ್, ಎತ್ತಿದ್ರೆ ಮ್ಯಾಪ್ ನಿಂತೋಗತ್ತೆ. ಮ್ಯಾಪ್ ನೋಡ್ಲಾ, ಮಾತಾಡ್ಲಾ?" ಅವರ ಫೋನ್ ವೋಲ್ಟೆ ಬಲ್ಲದೇ ಆಗಿತ್ತು, ಸೆಟ್ಟಿಂಗ್ಸ್‌ನಲ್ಲಿ ಆಫ್ ಆಗಿತ್ತು. ಸಿಗ್ನಲ್ಲಿನಲ್ಲಿ ಗಾಡಿ ನಿಂತಿದ್ದಾಗಲೇ ಆನ್ ಮಾಡಿಕೊಟ್ಟೆ.

ಗೋಡೆಗಳ ಊರಿನಲ್ಲಿ ಇದಕ್ಕಿಂತಲೂ ಬೆಲೆಬಾಳುವುದು ವೈಫೈ ಕಾಲಿಂಗ್. ಮನೆಯ ಬ್ರಾಡ್‌ಬ್ಯಾಂಡ್ ಮೂಲಕವೇ ನಿಮ್ಮ ಮಾಮೂಲಿ ನಂಬರಿನ ಕಾಲ್ ಹೋಗುತ್ತದೆ, ಬರುತ್ತದೆ. ಬೇರೆ ಆ್ಯಪ್ ಬೇಡ, ಹೆಚ್ಚಿನ ಹಣವೂ ಇಲ್ಲ. ಏರ್‌ಟೆಲ್ 2019ರ ಡಿಸೆಂಬರ್‌ನಲ್ಲಿ, ಜಿಯೋ 2020ರ ಜನವರಿಯಲ್ಲಿ ಇದನ್ನು ತಂದವು. ಆದರೂ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಬಾಲ್ಕನಿಗೆ ಓಡಿ ಮಾತಾಡುತ್ತಾರೆ. ಫೋನಿನಲ್ಲಿ ಇದು ಇರಬೇಕು, ನಿಮ್ಮ ಕಂಪನಿ ಆ ಮಾದರಿಗೆ ಅನುಮತಿಸಿರಬೇಕು, ಎರಡೂ ಕೂಡಿದರೆ ಅಡುಗೆಮನೆಯ ಸಮಸ್ಯೆ ಮುಗಿದಂತೆ. ಒಂದು ಎಚ್ಚರಿಕೆ: ಕರೆಂಟ್ ಹೋದರೆ ರೂಟರ್ ಸಾಯುತ್ತದೆ, ಜೊತೆಗೆ ಫೋನೂ ಮೂಕವಾಗುತ್ತದೆ. ವಯಸ್ಸಾದವರಿರುವ ಮನೆಯಲ್ಲಿ ರೂಟರಿಗೊಂದು ಪುಟ್ಟ ಯುಪಿಎಸ್ ಹಾಕಿಸಿ.

ಅಮೆರಿಕದಿಂದ ಬಂದವರು ತಂದುಕೊಡುವ ಫೋನಿನ ಬಗ್ಗೆಯೂ ಎರಡು ಮಾತು, ಬೆಂಗಳೂರಿನಲ್ಲಿ ಇದು ಮನೆಮನೆಯ ವಿಷಯ. 2022ರ ಐಫೋನ್ 14ರಿಂದ ಈಚೆಗೆ ಅಲ್ಲಿ ಮಾರುವ ಐಫೋನುಗಳಲ್ಲಿ ಸಿಮ್ ಹಾಕುವ ಕಿಂಡಿಯೇ ಇಲ್ಲ, ಫೋನಿನೊಳಗೇ ಅಡಗಿರುವ ಇ-ಸಿಮ್ ಒಂದೇ ದಾರಿ. ನಮ್ಮ ಖಾಸಗಿ ಕಂಪನಿಗಳು ಇ-ಸಿಮ್ ಕೊಡುತ್ತವೆ, ಆದರೆ ಫೋನ್ ಕೆಟ್ಟ ದಿನ ಸಿಮ್ ಕಿತ್ತು ಇನ್ನೊಂದಕ್ಕೆ ಹಾಕುವ ಸುಲಭ ಇರುವುದಿಲ್ಲ. ಅಲ್ಲಿನ ಮೊಬೈಲ್ ಕಂಪನಿಯ ಕಂತಿನಲ್ಲಿ ಕೊಂಡ ಫೋನಾದರೆ ಬೀಗ ಬಿದ್ದಿರಬಹುದು. ಸೆಟ್ಟಿಂಗ್ಸ್‌ನ ಅಬೌಟ್ ಪುಟದಲ್ಲಿ ಕ್ಯಾರಿಯರ್ ಲಾಕ್ ಎಂಬ ಸಾಲು ಏನನ್ನುತ್ತದೆ ಅಂತ ಹೊರಡುವ ಮೊದಲೇ ನೋಡಿ ಹೇಳಲು ತಿಳಿಸಿ. ಕಡಿಮೆ ಬೆಲೆಯ ಆಂಡ್ರಾಯ್ಡ್ ಆಗಿದ್ದರೆ ಇನ್ನೂ ಹುಷಾರಾಗಿರಬೇಕು. ನಮ್ಮ 2300ರ ಬ್ಯಾಂಡ್ 40 ಅಲ್ಲಿ ಬಳಕೆಯಲ್ಲಿಲ್ಲದ ಕಾರಣ ಅಂಥ ಮಾದರಿಗಳಲ್ಲಿ ಅದನ್ನು ಬಿಟ್ಟಿರುವುದುಂಟು. ಭಾರತದಲ್ಲಿ ಮಾರಾಟವೇ ಇಲ್ಲದ ಮಾದರಿಗೆ ಇಲ್ಲಿಯ ವೋಲ್ಟೆ ತೆರೆದಿರುತ್ತದೆ ಅನ್ನುವ ಭರವಸೆಯೂ ಇಲ್ಲ.

ಗಾಂಧಿನಗರದ ನ್ಯಾಷನಲ್ ಮಾರ್ಕೆಟ್‌ನಂಥ ಕಡೆ ಸೆಕೆಂಡ್ ಹ್ಯಾಂಡ್ ಕೊಳ್ಳುವವರು *#06# ಒತ್ತಿ ಐಎಂಇಐ, ಅಂದರೆ ಆ ಫೋನಿನ ಗುರುತಿನ ಸಂಖ್ಯೆ ತೆಗೆದು, ಇಂಗ್ಲಿಷಿನಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು ಆ ಹದಿನೈದು ಅಂಕಿ ಹಾಕಿ 14422ಕ್ಕೆ ಎಸ್‌ಎಂಎಸ್ ಕಳಿಸಬೇಕು. ಕಳುವಾದ ಫೋನ್ ಎಂದು ಬ್ಲಾಕ್ ಆಗಿದ್ದರೆ ಯಾವ ಕಂಪನಿಯ ಜಾಲವೂ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ದುಡ್ಡು ಕೊಡುವ ಮೊದಲು, ಅಂಗಡಿಯಲ್ಲೇ ನಿಂತು ಈ ಕೆಲಸ ಮಾಡಿ.

ಆರು ರೂಪಾಯಿ ನಲವತ್ತಾರು ಪೈಸೆ

ಅಕ್ಕನ ಮನೆಗೆ ಮರಳೋಣ. ಹೊಸ ಫೋನಿಗೆ 22,000. ನಂಬರ್ ಉಳಿಸಿಕೊಂಡು ಕಂಪನಿ ಬದಲಿಸಲು ನಿಗದಿಯಾದ ಶುಲ್ಕ 6 ರೂಪಾಯಿ 46 ಪೈಸೆ. 2011ರ ಜನವರಿಯಿಂದ ದೇಶದಾದ್ಯಂತ ಈ ಸೌಲಭ್ಯ ಇದೆ. ಪೋರ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು ಜಾಗ ಬಿಟ್ಟು ನಂಬರ್ ಹಾಕಿ 1900ಕ್ಕೆ ಕಳಿಸಿದರೆ ಒಂದು ಕೋಡ್ ಬರುತ್ತದೆ. ನಮ್ಮ ರಾಜ್ಯದಲ್ಲಿ ಅದು ನಾಲ್ಕು ದಿನ ಚಾಲ್ತಿಯಲ್ಲಿರುತ್ತದೆ. ಈಗಿನ ಕಂಪನಿಯಲ್ಲಿ ತೊಂಬತ್ತು ದಿನ ಕಳೆದಿರಬೇಕು ಎಂಬುದು ಷರತ್ತು.

ಅವಳಿಗೆ ಕೂಡಲೇ ಪೋರ್ಟ್ ಮಾಡು ಅಂತ ನಾನು ಹೇಳಲಿಲ್ಲ. ಮೊದಲು ಇನ್ನೊಂದು ಕಂಪನಿಯ ಪ್ರೀಪೇಯ್ಡ್ ಸಿಮ್ ತಗೊಂಡು ಎರಡನೇ ಸ್ಲಾಟಿಗೆ ಹಾಕಿ ಒಂದು ತಿಂಗಳು ನೋಡು ಅಂದೆ. ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ ನಿಯಮದ ಪ್ರಕಾರ ಈಗ ಕಂಪನಿಗಳು ತಮ್ಮ ವೆಬ್‌ಸೈಟಿನಲ್ಲಿ ಕವರೇಜ್ ನಕ್ಷೆ ಹಾಕಬೇಕು. ತರಂಗ್ ಸಂಚಾರ್ ಎಂಬ ಸರ್ಕಾರಿ ಪೋರ್ಟಲಿನಲ್ಲಿ ಸುತ್ತಮುತ್ತ ಯಾವ ಟವರ್ ಇದೆ ಅಂತಲೂ ನೋಡಬಹುದು. ಎರಡೂ ನೋಡಬೇಕಾದವೇ. ಆದರೆ ನಕ್ಷೆಗೆ ಗಿರಿನಗರ ಗೊತ್ತು, ಪಕ್ಕದ ಸೈಟಿನಲ್ಲಿ ಹೊಸದಾಗಿ ಎದ್ದ ಗೋಡೆ ಗೊತ್ತಿಲ್ಲ. ದಿನದಲ್ಲಿ ನೀವು ಹೆಚ್ಚು ಹೊತ್ತು ಕಳೆಯುವ ಮೂರು ನಾಲ್ಕು ಜಾಗಗಳಲ್ಲಿ, ಅದೇ ಕುರ್ಚಿ, ಅದೇ ಕಟ್ಟೆಯ ಪಕ್ಕ ನಿಂತು ನೋಡಿದ ಸಂಖ್ಯೆಗೆ ಸಮನಾದ ಸಾಕ್ಷಿ ಬೇರೆ ಇಲ್ಲ.

ಒಂದು ತಿಂಗಳಾದ ಮೇಲೆ ಅವಳು ನಂಬರ್ ಪೋರ್ಟ್ ಮಾಡಿಸಿಕೊಂಡಳು. ವೈಫೈ ಕಾಲಿಂಗ್ ಕೂಡ ಆನ್ ಆಗಿದೆ. ನಾಲ್ಕು ವರ್ಷದ ಅದೇ ಫೋನ್ ಈಗ ಒಗ್ಗರಣೆ ಸಿಡಿಯುವ ಸದ್ದನ್ನೂ ನನಗೆ ಸ್ಪಷ್ಟವಾಗಿ ಕೇಳಿಸುತ್ತದೆ.

ಅದೇ ಭಾನುವಾರದ ಲೆಕ್ಕ ಊರಿನಲ್ಲಿ ತಿರುವುಮುರುವಾಯಿತು. ನಮ್ಮ ಅಪ್ಪ ಇರುವುದು ತೀರ್ಥಹಳ್ಳಿ ಕಡೆ. ಬೆಂಗಳೂರಿನಲ್ಲಿ ಕೊಂಡ ಫೋನುಗಳು ಹಬ್ಬಕ್ಕೆ, ತಿಥಿಗೆ, ರಜೆಗೆ ಇಂಥ ಊರುಗಳಿಗೂ ಹೋಗುತ್ತವೆ ಎನ್ನುವುದನ್ನು ಕೊಳ್ಳುವಾಗ ಯಾರೂ ನೆನೆಯುವುದಿಲ್ಲ. ಅಲ್ಲಿ ಗುಡ್ಡದ ಮೇಲಿರುವ ಟವರ್ ಬಿಎಸ್‌ಎನ್‌ಎಲ್‌ನದು. ಟಿಸಿಎಸ್, ಸಿ-ಡಾಟ್ ಮತ್ತು ನಮ್ಮ ಬೆಂಗಳೂರಿನದೇ ಆದ ತೇಜಸ್ ನೆಟ್‌ವರ್ಕ್ಸ್ ಸೇರಿ ಕಟ್ಟಿದ ಸ್ವದೇಶಿ 4ಜಿ ಅದು, 2025ರ ಸೆಪ್ಟೆಂಬರ್ 27ರಂದು ದೇಶಕ್ಕೆ ಅರ್ಪಣೆಯಾಯಿತು. ಪಕ್ಕದ ಮನೆ ಹುಡುಗನ ಫೋನಿನಲ್ಲಿ ಅಂಗಳದಲ್ಲಿ ಕೂತರೂ 4ಜಿ. ಅಪ್ಪನ ಫೋನಿನಲ್ಲಿ ಟವರ್ ಕೆಳಗಿನ ರಸ್ತೆಯಲ್ಲಿ ಮಾತ್ರ 4ಜಿ, ಮನೆಗೆ ಬಂದರೆ ಮಾಯ. ಸಿಮ್ ಬದಲಿಸಿ ಹಾಕಿ ನೋಡಿದೆ. ಅಪ್ಪನ ಸಿಮ್ ಹುಡುಗನ ಫೋನಿನಲ್ಲಿ ಚೆನ್ನಾಗಿ ಓಡಿತು, ಹುಡುಗನ ಸಿಮ್ ಅಪ್ಪನ ಫೋನಿನಲ್ಲಿ ಮಲಗಿತು.

2018ರ ಫೋನ್. ಅದರ ಮಾದರಿ ಸಂಖ್ಯೆ ಹಾಕಿ ವಿವರ ತೆಗೆದೆ. 4ಜಿ ಬ್ಯಾಂಡ್ 1, 3, 5, 8, 40, 41 ಎಲ್ಲ ಇದ್ದವು. 28, ಅಂದರೆ 700 ಮೆಗಾಹರ್ಟ್ಸ್, ಇರಲಿಲ್ಲ. ಟವರಿನ 2100ರ ಅಲೆ, ಅಂದರೆ ಬ್ಯಾಂಡ್ 1, ರಸ್ತೆಯವರೆಗೆ ಮಾತ್ರ ಬರುತ್ತಿತ್ತು. ತೋಟ ದಾಟಿ ಅಂಗಳಕ್ಕೆ ತಲುಪುತ್ತಿದ್ದುದು ಮೊಳದುದ್ದದ 700ರ ಅಲೆ, ಅದನ್ನು ಕೇಳುವ ಕಿವಿ ಆ ಫೋನಿಗೆ ಇರಲಿಲ್ಲ. ಯಾವ ಸಾಫ್ಟ್‌ವೇರ್ ಅಪ್‌ಡೇಟೂ ಅದನ್ನು ಕೂಡಿಸಿಕೊಡಲಾರದು.

ಜಯನಗರದ ಅಂಗಡಿಯಲ್ಲಿ 4ಜಿಯ ಬಿ28 ಮತ್ತು 5ಜಿಯ ಎನ್28 ಎರಡೂ ಇರುವುದನ್ನು ಮಾದರಿ ಸಂಖ್ಯೆಯ ಸಮೇತ ಖಾತ್ರಿಮಾಡಿಕೊಂಡು ಹನ್ನೆರಡು ಸಾವಿರದ ಒಂದು ಫೋನ್ ತಗೊಂಡೆ. ಕ್ಯಾಮೆರಾ ಸಾಧಾರಣ. ಅಕ್ಕ ದೀಪಾವಳಿಗೆ ಊರಿಗೆ ಹೊರಟಾಗ ಅವಳ ಕೈಯಲ್ಲೇ ಕಳಿಸಿದೆ, ಅವಳ ಎರಡನೇ ಸ್ಲಾಟಿಗೂ ಒಂದು ಬಿಎಸ್‌ಎನ್‌ಎಲ್ ಸಿಮ್ ಹಾಕಿಸಿ. ಅಡಿಕೆ ಒಣಗಿಸುವ ಚಪ್ಪರದ ಕಂಬಕ್ಕೆ ಅಪ್ಪ ಒಂದು ಬಟ್ಟೆಚೀಲ ಕಟ್ಟಿದ್ದರು, ಮಾತಾಡುವಷ್ಟಾದರೂ ಸಿಗ್ನಲ್ ಸಿಗುವ ಜಾಗ ಅದೊಂದೇ ಅಂತ ಫೋನ್ ಸದಾ ಅದರಲ್ಲೇ ಇರುತ್ತಿತ್ತು. ಮರುದಿನ ಅವರು ಒಳಗೆ ಜಗಲಿಯ ಮೇಲೆ ಕೂತು ವಿಡಿಯೋ ಕಾಲ್ ಮಾಡಿ, ಹಿಂದೆ ಕಾಣುತ್ತಿದ್ದ ಆ ಚೀಲ ತೋರಿಸಿ, ಅದನ್ನು ಬಿಚ್ಚಬಹುದಾ ಎಂದು ಕೇಳಿದರು.